ದೊರೆ ಬಂಗಲೆಯ ಮೂಡಣ ಬಾಗಿಲು

ನಮ್ಮ ಮನೆಯವರನ್ನು ಜನಜಂಗುಳಿಯಲ್ಲಿ ಪತ್ತೆ ಹಚ್ಚುವುದು ಬಲು ಸುಲಭ. ಸುಂಟಿಕೊಪ್ಪದ ಯಾವುದಾದರೂ ಮದುವೆ ಮಂಟಪದ ಬಾಗಿಲಲ್ಲಿ ನಿಂತುಕೊಳ್ಳಿ. ಆನೆ ನುಗ್ಗುವಷ್ಟು ಎತ್ತರದ ಬಾಗಿಲಿದ್ದರೂ ತಲೆ ತಗ್ಗಿಸಿಕೊಂಡೇ ಒಳಗೆ ಬರುವವರು ಯಾರೋ ಅವರು ನಮ್ಮವರು. ದೊಡ್ಡಪ್ಪ ಬಗ್ಗುವಾಗ ಒಂದು ಕೈಯಲ್ಲಿ ಮೀಸೆ ಮುಚ್ಚಿಕೊಳ್ಳುತ್ತಾರೆ, ಎಲ್ಲಿ ಬಾಗಿಲಿಗೆ ಉಜ್ಜೀತೋ ಎಂಬ ಹಾಗೆ. ಅಪ್ಪ ಗೂಡು ಹೊಗುವ ಕೋಳಿಯಂತೆ ಮೊದಲು ಒಂದು ಭುಜ ಕಳಿಸಿ, ಅಪಾಯವಿಲ್ಲ ಎಂದು ಗೊತ್ತಾದ ಮೇಲೆ ತಲೆ ಕಳಿಸುತ್ತಾರೆ. ಮದುವೆಯಾಗಿ ಕುಶಾಲನಗರಕ್ಕೆ ಹೋದ ಅತ್ತೆ, ಗಂಡನ ಮನೆಯ ಹೊಸ ತೇಗದ ಬಾಗಿಲಲ್ಲಿ ಇವತ್ತಿಗೂ ಸೆರಗು ಹಿಡಿದು ಬಗ್ಗುತ್ತಾಳೆ. ಎಂಥ ಸಂಸ್ಕಾರವಂತ ಸೊಸೆ ಎಂದು ಆ ಮನೆಯವರು ನಂಬಿದ್ದಾರೆ. ನಾವು ಯಾರೂ ಬಿಡಿಸಿ ಹೇಳಲು ಹೋಗಿಲ್ಲ.

ನನ್ನ ಕಥೆ ಇನ್ನೂ ಕಡೆ. ನಾನು ಮಿಮಿಕ್ರಿ ಮಾಡುವವನು. ಹಗಲೆಲ್ಲ ಅಪ್ಪನ ಜೊತೆ ತೋಟದಲ್ಲಿ ದುಡಿತ. ಮದುವೆ, ಗಣೇಶ, ಹುತ್ತರಿ ಕೂಟ ಬಂದರೆ ಕೈಗೆ ಮೈಕು. ಬಾಗಿಲೇ ಇಲ್ಲದ ವೇದಿಕೆಯನ್ನೂ ತಲೆ ತಗ್ಗಿಸಿಕೊಂಡೇ ಹತ್ತುತ್ತೇನೆ. ಜನ ಅದನ್ನು ಕಲಾದೇವಿಗೆ ಮಾಡಿದ ನಮಸ್ಕಾರವೆಂದು ತಿಳಿದು ಚಪ್ಪಾಳೆ ಹೊಡೆಯುತ್ತಾರೆ. ಆ ಮೊದಲ ಚಪ್ಪಾಳೆಯಷ್ಟೇ ಖಾತ್ರಿ, ಮುಂದಿನದಕ್ಕೆ ನಾನು ಜವಾಬ್ದಾರನಲ್ಲ. ಒಂದು ಸಲ ದೊಡ್ಡಪ್ಪನನ್ನೇ ವೇದಿಕೆಯ ಮೇಲೆ ಇಳಿಸಿದೆ: ಮೀಸೆ ಮುಚ್ಚುವುದು, ಕೆಮ್ಮುವುದು, ಮಾತು ಶುರು ಮಾಡುವ ಮೊದಲೇ ಎದುರಿನವನಿಗೆ ‘ನಿಂಗ್ ಗೊತ್ತಾಗಕಿಲ್ಲ ಸುಮ್ನಿರು’ ಎನ್ನುವುದು, ಎಲ್ಲ. ಮುಂದಿನ ಸಾಲಿನಲ್ಲಿ ಕುಳಿತು ಎಲ್ಲರಿಗಿಂತ ಜೋರಾಗಿ ನಕ್ಕವರು ದೊಡ್ಡಪ್ಪನೇ. ದಾರಿಯಲ್ಲಿ ಕೇಳಿದರು: “ಆ ಮೀಸೆಯೋನು ಯಾವನ್ಲಾ? ಎಲ್ಲೋ ನೋಡ್ದಂಗದೆ.”

ನಮ್ಮ ಈ ಬಗ್ಗುವಿಕೆಗೆಲ್ಲ ಕಾರಣ ನಮ್ಮ ಮನೆಯ ಮುಂಬಾಗಿಲು. ಅದರ ಮೇಲಿನ ಪಟ್ಟಿ ಸರಿಯಾಗಿ ನನ್ನ ಹುಬ್ಬಿನ ಮಟ್ಟಕ್ಕಿದೆ. ನನ್ನ ಹುಬ್ಬಿನ ಮೇಲೊಂದು ಗಂಟಿದೆ. ಬಾಗಿಲ ಪಟ್ಟಿಯಲ್ಲೂ ಅಷ್ಟೇ ಅಗಲದ ಒಂದು ತಗ್ಗಿದೆ. ಯಾರಿಂದ ಯಾರಿಗೆ ಬಂತೋ ಹೇಳಲಾರೆ.

ಹಾಗಂತ ಮನೆ ಚಿಕ್ಕದು ಎಂದುಕೊಳ್ಳಬೇಡಿ. ಊರಿನ ಬಾಯಲ್ಲಿ ಅದು ದೊರೆ ಬಂಗಲೆ. ಕಟ್ಟಿಸಿದ ಬಿಳಿ ದೊರೆಯ ಹೆಸರು ಯಾರಿಗೂ ನೆನಪಿಲ್ಲ. ಅಜ್ಜಿಯ ಪ್ರಕಾರ ‘ಕೆಂಪು ಮೂತಿಯೋನು’. ಅಷ್ಟರಿಂದಲೇ ಯಾವ ದೊರೆಯನ್ನೂ ಗುರುತು ಹಿಡಿಯಲಾಗದು. ಸುತ್ತಮುತ್ತ ಎಲ್ಲರೂ ಮಣ್ಣಿನ ಗೋಡೆ ಎಬ್ಬಿಸುತ್ತಿದ್ದ ಕಾಲದಲ್ಲಿ ಅವನು ಹೊಳೆದಂಡೆಯ ಜೇಡಿ ತರಿಸಿ, ತೋಟದಲ್ಲೇ ಗೂಡು ಹಾಕಿಸಿ ಇಟ್ಟಿಗೆ ಸುಡಿಸಿದನಂತೆ. ಗಾರೆ ಬಳಿಯದ ಕೆಂಪು ಇಟ್ಟಿಗೆ. ಒಂದು ಉದ್ದಕ್ಕೆ, ಒಂದು ಅಡ್ಡಕ್ಕೆ, ಮತ್ತೆ ಒಂದು ಉದ್ದಕ್ಕೆ, ಚಾಪೆ ಹೆಣೆದ ಹಾಗೆ. ಕಮಾನಿನ ಕಿಟಕಿಗಳು, ಕೆಳಗೆ ಚಳಿ ಕಾಯಿಸುವ ಗೂಡು, ಮೇಲೆ ಎರಡು ಚಿಮಣಿ. ಇಲ್ಲಿಯ ಚಳಿಗೆ ಒಂದು ಕಂಬಳಿ ಸಾಕು. ಅವನು ತನ್ನೂರಿನ ಚಳಿಯನ್ನೇ ಹಡಗಿನಲ್ಲಿ ತರಿಸುವವನಂತೆ ಕಟ್ಟಿಸಿದ್ದ.

ದೊರೆ ತೋಟ ಮಾರಿ ಹೋಗುವಾಗ ಬಂಗಲೆ ಮುತ್ತಜ್ಜನ ಕೈಗೆ ಬಂತು. ಮುತ್ತಜ್ಜ ಅರಕಲಗೂಡು ಕಡೆಯಿಂದ ಎತ್ತಿನ ಗಾಡಿ ಹೊಡೆದುಕೊಂಡು ಬಂದವರು. ದೊರೆಯ ಕಾಫಿ ಮೂಟೆಗಳನ್ನು ಸಾಗಿಸಿ ಸಾಗಿಸಿ ಗಾಡಿಗಳ ಒಡೆಯರಾದರು, ಆಮೇಲೆ ಬಂಗಲೆಯ ಒಡೆಯರಾದರು. ಆದರೆ ಒಡೆಯರಾಗುವ ತನಕ ಆ ಮನೆಯ ಒಳಗೆ ಅವರು ಕಾಲಿಟ್ಟವರಲ್ಲ. ದೊರೆ ಪಡುವಣ ಮೆಟ್ಟಿಲ ಮೇಲೆ ನಿಂತು ಮಾತಾಡುತ್ತಿದ್ದ, ಇವರು ಕೆಳಗೆ ನಿಂತು ಕೇಳುತ್ತಿದ್ದರು. ಕೊಂಡ ದಿನ ಮೊದಲ ಬಾರಿ ಒಡೆಯನ ಕಣ್ಣಿನಿಂದ ನೋಡಿದರೆ ಎದೆ ಧಸಕ್ಕೆಂದಿತಂತೆ. ಇಷ್ಟು ದೊಡ್ಡ ಮನೆ, ಮುಖ ಪಡುವಣಕ್ಕೆ! ಸಂಜೆ ಗ್ಲಾಸು ಹಿಡಿದು ಕುಳಿತವನಿಗೆ ಮುಳುಗುವ ಸೂರ್ಯ ಕಾಣಲಿ ಎಂದು ದೊರೆ ಹಾಗೆ ಕಟ್ಟಿಸಿದ್ದ. ಮುಳುಗುವುದನ್ನು ನೋಡಿಕೊಂಡು ಮನೆಯೊಳಗೆ ಲಕ್ಷ್ಮಿಯನ್ನು ಕರೆಯುವುದು ಹೇಗೆ?

ಮುತ್ತಜ್ಜ ಬಂಗಲೆಯನ್ನು ಒಂದು ಸುತ್ತು ಹಾಕಿದರು. ಹಿಂಬದಿಯಲ್ಲಿ, ಸರಿಯಾಗಿ ಮೂಡಣಕ್ಕೆ, ಒಂದು ಗಿಡ್ಡ ಬಾಗಿಲು ಸಿಕ್ಕಿತು. ಅದರ ಹಿಂದೆ ಚೌಕದ ಕೋಣೆ, ಖಾಲಿ. ನೆಲ ಒಂದು ಮೂಲೆಗೆ ಇಳಿಜಾರು, ಮೂಲೆಯಲ್ಲಿ ನೀರು ಹೋಗಲು ತೂತು. ಮುತ್ತಜ್ಜ ಕೈಮುಗಿದರು. ಮೂಡಣದ ಬಾಗಿಲು, ಒಳಗೆ ಬಂದವರು ಕಾಲು ತೊಳೆಯಲು ಅನುಕೂಲ. ಇದಕ್ಕಿಂತ ಇನ್ನೇನು ಬೇಕು? ಹೊಸ್ತಿಲಿಗೆ ಅರಿಸಿನ ಕುಂಕುಮ ಬಿತ್ತು, ತೆಂಗಿನಕಾಯಿ ಒಡೆಯಿತು, ಮುಂದೆ ತುಳಸಿಕಟ್ಟೆ ಎದ್ದಿತು. ಹೀಗೆ ಒಂದೇ ಬೆಳಿಗ್ಗೆ, ಒಂದು ಇಟ್ಟಿಗೆಯನ್ನೂ ಅಲುಗಿಸದೆ, ಇಂಗ್ಲಿಷ್ ಬಂಗಲೆಯೊಂದನ್ನು ನಮ್ಮ ಮುತ್ತಜ್ಜ ಹಿಂದುಮುಂದು ತಿರುಗಿಸಿ ಕೂರಿಸಿದರು.

ಆಮೇಲೆ ಬಂದವರು ಇಟ್ಟಿಗೆಗಳನ್ನೂ ಬಿಡಲಿಲ್ಲ. ಅಜ್ಜ ಚಳಿಗೂಡಿನೊಳಗೆ ದೇವರನ್ನು ಕೂರಿಸಿದರು. ಊದುಬತ್ತಿಯ ಹೊಗೆ ನೆಟ್ಟಗೆ ಚಿಮಣಿಯಲ್ಲಿ ಮೇಲೇರುತ್ತದೆ. ಹೊಗೆ ಕುಡಿಯದೆ ಕಣ್ಣುರಿ ಇಲ್ಲದೆ ಇರುವ ದೇವರುಗಳು ಇಡೀ ಜಿಲ್ಲೆಯಲ್ಲಿ ನಮ್ಮವು ಮಾತ್ರ ಎಂದು ನನ್ನ ನಂಬಿಕೆ. ದೊರೆ ಇಳಿಸಂಜೆ ಕೂರುತ್ತಿದ್ದ ಪೋರ್ಚಿಗೆ ದೊಡ್ಡಪ್ಪ ಶಟರ್ ಹಾಕಿಸಿ ಕಾಫಿ ಗೋಡೌನ್ ಮಾಡಿದರು. ಗುಲಾಬಿ ತೋಟಕ್ಕೆ ಸಿಮೆಂಟು ಬಿದ್ದು ಕಾಫಿ ಒಣಗಿಸುವ ಕಣವಾಯಿತು. ಅಪ್ಪನಿಗೂ ದೊಡ್ಡಪ್ಪನಿಗೂ ಮಾತು ಬಿಟ್ಟ ವರ್ಷ ಊಟದ ಹಾಲಿನ ನಟ್ಟನಡುವೆ ಪ್ಲೈವುಡ್ ಗೋಡೆ ಎದ್ದಿತು. ಎರಡೂ ಕಡೆ ಒಂದೇ ಸಾರಿನ ವಾಸನೆ. ಆ ಕಡೆ ಒಗ್ಗರಣೆ ಸಿಡಿದರೆ ಈ ಕಡೆ ಅಪ್ಪ ಸೀನುತ್ತಿದ್ದರು. ಕೇಳಿಸಿಕೊಂಡ ದೊಡ್ಡಪ್ಪ ಅಭ್ಯಾಸಬಲದಿಂದ ‘ಚಿರಂಜೀವಿ’ ಎಂದುಬಿಟ್ಟು, ಮಾತು ಬಿಟ್ಟದ್ದು ನೆನಪಾಗಿ, ಕೆಮ್ಮಿ ಮುಚ್ಚಿಹಾಕುತ್ತಿದ್ದರು. ಒಂದು ದಿನ ಕೆಮ್ಮಲು ಮರೆತರು, ರಾಜಿಯಾಯಿತು. ಪ್ಲೈವುಡ್ ಮಾತ್ರ ಹಾಗೇ ಉಳಿಯಿತು, ಈಗ ಅದರ ಮೇಲೆ ಟಿವಿ ಇದೆ. ಚಿಮಣಿಗೆ ಡಿಶ್ ಆಂಟೆನಾ ಕಟ್ಟಿದ್ದೇವೆ. ಹೆಂಚು ಹೋಗಿ ಹಸಿರು ಶೀಟು ಬಂದಿದೆ. ಮಳೆ ಬಂದರೆ ಆ ಶೀಟಿನ ಕೆಳಗೆ ಯಾರ ಮಾತೂ ಯಾರಿಗೂ ಕೇಳದು. ಮಳೆಗಾಲದಲ್ಲಿ ನಮ್ಮಲ್ಲಿ ಜಗಳ ಕಡಿಮೆಯಾಗಲು ಅದೇ ಕಾರಣ.

ಇಂಥ ಬಂಗಲೆಯನ್ನು ಹೋಂಸ್ಟೇ ಮಾಡಬೇಕು, ಅದೂ ‘ಹೆರಿಟೇಜ್’ ಎಂಬ ಬೋರ್ಡು ಹಾಕಿ, ಎಂದು ಹೋದ ಚಳಿಗಾಲದಲ್ಲಿ ದೊಡ್ಡಪ್ಪನಿಗೆ ಆಸೆ ಹುಟ್ಟಿತು. ಮೈಸೂರಿನಿಂದ ಒಬ್ಬ ಆರ್ಕಿಟೆಕ್ಟ್ ಮೇಡಂ ಬಂದರು. ನನಗಿಂತ ಒಂದೆರಡು ವರ್ಷ ದೊಡ್ಡವರಿರಬಹುದು, ಬೂಟು, ಬೆನ್ನಿಗೆ ಚೀಲ, ಕೈಯಲ್ಲಿ ಕೆಂಪು ಬೆಳಕು ಬಿಟ್ಟು ಗೋಡೆ ಅಳೆಯುವ ಯಂತ್ರ. ಒಳ್ಳೆಯ ಹುಡುಗಿ, ಅಜ್ಜಿ ಕೊಟ್ಟ ಅಕ್ಕಿರೊಟ್ಟಿ ಎಣಿಸದೆ ತಿಂದರು. ಆದರೆ ಅವರ ಬಾಯಲ್ಲಿ ‘ಓ ಮೈ ಗಾಡ್’ ಎಂಬುದು ಮೂರು ರಾಗದಲ್ಲಿ ಬರುತ್ತಿತ್ತು. ಇಟ್ಟಿಗೆ ಕಂಡಾಗ ಮೇಲಿನ ರಾಗ, ಶೀಟು ಕಂಡಾಗ ಕೆಳಗಿನ ರಾಗ, ಪ್ಲೈವುಡ್ ಕಂಡಾಗ ರಾಗವೇ ಇಲ್ಲದೆ ಬರೀ ಉಸಿರು. ಮಧ್ಯಾಹ್ನದ ಹೊತ್ತಿಗೆ ಮೂರೂ ನನಗೆ ಕರಗತವಾಗಿದ್ದವು. ಹಿಂದಿನಿಂದ ಅವರ ದನಿಯಲ್ಲೇ ಮೂರನ್ನೂ ಹಾಕಿದೆ. ಅವರು ತಿರುಗಿ ನೋಡಿ, “ಕೊನೇದು ಇನ್ನೂ ಸ್ವಲ್ಪ ಒಳಗಿಂದ ಬರ್ಬೇಕು” ಎಂದು ತಿದ್ದಿದರು. ಆಗಲೇ ನನಗೆ ಅವರ ಮೇಲೆ ಗೌರವ ಹುಟ್ಟಿತು.

ಸಿಟ್ಟು ಹುಟ್ಟಿದ್ದು ಅವರ ಇನ್ನೊಂದು ಮಾತಿಗೆ. ಅದು ‘ಒರಿಜಿನಲ್’. ದೇವರು ಕೂತದ್ದು ಒರಿಜಿನಲ್ ಅಲ್ಲ, ಕಣ ಒರಿಜಿನಲ್ ಅಲ್ಲ, ಅಜ್ಜಿಯ ಒಲೆ ಒರಿಜಿನಲ್ ಅಲ್ಲ. ಪೋರ್ಚಿನ ಪಕ್ಕದ ಗೋಡೆಯಲ್ಲಿ ಇಟ್ಟಿಗೆಯ ಬಣ್ಣ ಬೇರೆಯಾಗುವ ಜಾಗವನ್ನು ತೋರಿಸಿ, “ಇದು ಆಮೇಲೆ ಸೇರಿಸಿದ ರೂಮು. ಓನರ್‌ಗೆ ಫ್ಯಾಮಿಲಿ ಬಂದ ಮೇಲೆ ಎಕ್ಸ್‌ಟೆಂಡ್ ಮಾಡಿದಾನೆ, ಎಷ್ಟು ಬ್ಯೂಟಿಫುಲ್ಲಾಗಿ ಮಾಡಿದಾನೆ ನೋಡಿ” ಎಂದರು. ದೊರೆ ಹೆಂಡತಿ ಬಂದಳೆಂದು ಗೋಡೆ ಒಡೆದರೆ ಬ್ಯೂಟಿಫುಲ್, ದೊಡ್ಡಪ್ಪ ತಮ್ಮನ ಮೇಲಿನ ಸಿಟ್ಟಿಗೆ ಪ್ಲೈವುಡ್ ಹೊಡೆದರೆ ಓ ಮೈ ಗಾಡ್. ದೊರೆ ಇಲ್ಲಿ ಇದ್ದದ್ದಕ್ಕಿಂತ ಹೆಚ್ಚು ಕಾಲ ನಾವಿದ್ದೇವೆ. ಹುಟ್ಟಿದ್ದೇವೆ, ಸತ್ತಿದ್ದೇವೆ, ಮಾತು ಬಿಟ್ಟಿದ್ದೇವೆ, ರಾಜಿಯಾಗಿದ್ದೇವೆ. ಇನ್ನೆಷ್ಟು ತಲೆಮಾರು ಕಳೆದರೆ ನಮ್ಮ ಬಾಳು ಒರಿಜಿನಲ್ ಆದೀತು? ಹೀಗೆಲ್ಲ ಕೇಳಬೇಕೆಂದುಕೊಂಡೆ. ಆದರೆ ಅಷ್ಟರಲ್ಲಿ ಮೇಡಂ ಮುಂಬಾಗಿಲ ಕೋಣೆಗೆ ಬಂದಿದ್ದರು.

ಆ ಕೋಣೆ ನಮ್ಮ ಪಡಸಾಲೆ. ಬಂದವರನ್ನು ಕೂರಿಸುವುದು ಅಲ್ಲೇ, ಹೆಣ್ಣು ನೋಡಲು ಬಂದವರಿಗೆ ಕಾಫಿ ಕೊಡುವುದು ಅಲ್ಲೇ. ಒಂದು ಮೂಲೆಯಲ್ಲಿ ದೊಡ್ಡಪ್ಪನ ತೋಳುಕುರ್ಚಿ, ಅದರ ಮೇಲ್ಗಡೆ ಗೋಡೆಗೆ ಹಾರ ಹಾಕಿದ ಮುತ್ತಜ್ಜನ ಫೋಟೋ. ಮೇಡಂ ನೆಲದ ಇಳಿಜಾರು ನೋಡಿದರು. ಮೂಲೆಯ ತೂತು ನೋಡಿದರು. ಚಿಕ್ಕಂದಿನಲ್ಲಿ ನಮ್ಮ ಗೋಲಿಗಳೆಲ್ಲ ಉರುಳಿ ಹೋಗಿ ಮಾಯವಾಗುತ್ತಿದ್ದ ತೂತು ಅದು. ಎತ್ತರದಲ್ಲಿರುವ ಪುಟ್ಟ ಕಿಟಕಿ ನೋಡಿದರು. ಗಿಡ್ಡ ಬಾಗಿಲಿನಿಂದ ಹೊರಗೆ ಹೋಗಿ, ಮತ್ತೆ ಒಳಗೆ ಬಂದು, ಪಕ್ಕದ ಮಲಗುವ ಕೋಣೆಯ ಬಾಗಿಲು ತೆಗೆದು ನೋಡಿ, ಮೆಲ್ಲನೆ ಕೇಳಿದರು.

“ಸರ್, ಇದನ್ನ ನೀವು ಯಾವಾಗಿಂದ ಮುಂಬಾಗಿಲು ಮಾಡ್ಕೊಂಡಿದೀರಿ?”

“ಮೊದ್ಲಿಂದ್ಲೂ ಇದೇ ಮೇಡಂ. ನಮ್ ತಾತಂಗೆ ವಾಸ್ತು ಬಾರೀ ಚೆನ್ನಾಗ್ ಗೊತ್ತಿತ್ತು,” ಎಂದರು ದೊಡ್ಡಪ್ಪ. “ನೀರ್ ಹೋಗಕ್ಕೆ ಇಳಿಜಾರು ನೋಡಿ. ಈಗಿನ್ ಎಂಜಿನಿಯರ್‌ಗೂ ಬರಲ್ಲ.”

“ಅದು... ಸರ್, ಇದು ಬೆಡ್‌ರೂಮಿನ ಬಾತ್‌ರೂಮು. ಆ ಕಡೆ ಸ್ನಾನ ಮಾಡ್ತಿದ್ರು, ಅದಕ್ಕೇ ಸ್ಲೋಪು. ಫ್ಲಶ್ ಎಲ್ಲ ಇರ್ಲಿಲ್ವಲ್ಲ, ಮರದ ಪೆಟ್ಟಿಗೆ ಥರ ಕಮೋಡು ಇಡೋರು. ಅದನ್ನ ಕ್ಲೀನ್ ಮಾಡೋರು ಮನೆಯೊಳಗೆ ಬರಬಾರದು ಅಂತ ಹೊರಗಿಂದ ಒಂದು ಸಣ್ಣ ಬಾಗಿಲು ಬಿಡೋರು. ಆ ಕಾಲದ ಎಲ್ಲ ಬಂಗಲೆಯಲ್ಲೂ ಇರತ್ತೆ.” ಮೇಡಂ ಗಿಡ್ಡ ಬಾಗಿಲ ಕಡೆ ಕೈ ತೋರಿಸಿದರು. “ಇದೇ ಆ ಬಾಗಿಲು.”

ಮಾತಾಡಬಾರದ ಹೊತ್ತಿನಲ್ಲಿ ಮಾತಾಡುವುದು ನನ್ನ ಹುಟ್ಟುಗುಣ.

“ಕಮೋಡು ಎಲ್ಲಿ ಇಟ್ಟಿರ್ತಿದ್ರು ಮೇಡಂ?”

ಅವರು ಕೆಂಪು ಬೆಳಕನ್ನು ನಿಧಾನಕ್ಕೆ ಮೂಲೆಗೆ ಬಿಟ್ಟರು. ಬೆಳಕು ಹೋಗಿ ದೊಡ್ಡಪ್ಪನ ಕುರ್ಚಿಯ ಮೇಲೆ ನಿಂತಿತು.

ದೊಡ್ಡಪ್ಪ ಪ್ರತಿದಿನ ಬೆಳಿಗ್ಗೆ ಆ ಕುರ್ಚಿಯಲ್ಲಿ ಕುಳಿತು ಒಂದು ಗಂಟೆ ಪೇಪರ್ ಓದುತ್ತಾರೆ, ಆ ಹೊತ್ತಿನಲ್ಲಿ ಯಾರೂ ಮಾತಾಡಿಸುವ ಹಾಗಿಲ್ಲ. ದೊರೆಯೂ ಅದೇ ಜಾಗದಲ್ಲಿ ಅದನ್ನೇ ಮಾಡುತ್ತಿದ್ದಿರಬೇಕು. ಇದನ್ನು ನಾನು ಬಾಯಿ ಬಿಟ್ಟು ಹೇಳಲಿಲ್ಲ ಎಂದು ಬರೆದರೆ ನೀವು ನಂಬುವುದಿಲ್ಲ. ಹೇಳಿದೆ. ಕುರ್ಚಿಯ ಬಳಿ ನಿಂತು ದೊರೆಯ ದನಿಯಲ್ಲಿ ಪೇಪರಿನ ನಾಲ್ಕು ಸಾಲು ಓದಿಯೂ ತೋರಿಸಿದೆ, ನಡುನಡುವೆ ಬೇಕಾದಲ್ಲಿ ತಿಣುಕಿ. ಅಪ್ಪ ಹೊರಗೆ ಹೋಗಿ ನಕ್ಕರು. ದೊಡ್ಡಪ್ಪ ನಗಲಿಲ್ಲ.

ಅವತ್ತು ಸಂಜೆಯಿಂದ ಕುರ್ಚಿ ಖಾಲಿ ಬಿತ್ತು. ದೊಡ್ಡಪ್ಪ ಅಡುಗೆಮನೆಯ ಕಡೆಯಿಂದ ಓಡಾಡತೊಡಗಿದರು. ಮುತ್ತಜ್ಜನ ಫೋಟೋ ಗೋಡೆಯಿಂದಿಳಿದು ಟಿವಿಯ ಪಕ್ಕಕ್ಕೆ ಹೋಯಿತು. ಮೂರನೆಯ ದಿನ ಊಟಕ್ಕೆ ಕೂತಾಗ ಘೋಷಣೆಯಾಯಿತು.

“ಆ ಬಾಗ್ಲು ಮುಚ್ಚುಸ್ತೀನಿ. ಗೋಡೌನ್ ಖಾಲಿ ಮಾಡಿ ಪಡುವಣದ್ ಬಾಗ್ಲು ತೆಗ್ಸನ. ಇಟ್ಟಿಗೆ ಸಿಮೆಂಟು ನಾಳೆ ಬತ್ತದೆ, ಸೋಮವಾರ ಮೊಯ್ದು ಬತ್ತಾನೆ.” ಮೊಯ್ದು ನಮ್ಮ ಕಡೆಯ ಗಾರೆ ಮೇಸ್ತ್ರಿ.

“ದೊಡ್ಡಪ್ಪ, ಇಷ್ಟು ವರ್ಷ ಇಲ್ದಿರೋ ವಾಸನೆ ಈಗ ಬತ್ತಾ?” ಎಂದೆ.

“ನಿಂಗ್ ಗೊತ್ತಾಗಕಿಲ್ಲ ಸುಮ್ನಿರು. ಯಾರು ಓಡಾಡೋ ಬಾಗ್ಲು ಅದು! ಊರಿಗ್ ಗೊತ್ತಾದ್ರೆ ಏನಂತಾರೆ?”

ಅಲ್ಲಿಗೆ ನನಗೂ ತಮಾಷೆ ಸಾಕಾಯಿತು. ಆ ಕೋಣೆಯಲ್ಲಿ ದೊರೆ ಕುಕ್ಕರಿಸುತ್ತಿದ್ದ ಎಂಬುದು ದೊಡ್ಡಪ್ಪನಿಗೆ ಹೇಸಿಗೆಯಾಗಿರಲಿಲ್ಲ. ಅದನ್ನು ತೊಳೆಯಲು ಒಬ್ಬ ಬರುತ್ತಿದ್ದನಲ್ಲ, ಅವನು ತುಳಿದ ಹೊಸ್ತಿಲನ್ನೇ ತಾವೂ ತುಳಿದೆವು ಎಂಬುದು ಹೇಸಿಗೆಯಾಗಿತ್ತು. ಕಟ್ಟಿಸಿದ ದೊರೆಗೆ ಕೆಂಪು ಮೂತಿಯಾದರೂ ಉಳಿಯಿತು, ಇವನಿಗೆ ಅದೂ ಇಲ್ಲ. ನನಗೆ ಊರಿನ ಎಲ್ಲರ ದನಿಯೂ ಬರುತ್ತದೆ, ಕಾಣದ ದೊರೆಯದ್ದೂ ಬರುತ್ತದೆ. ಆ ಮನುಷ್ಯನ ದನಿ ಮಾತ್ರ ಎಷ್ಟು ತಡಕಿದರೂ ಸಿಗುವುದಿಲ್ಲ. ಮುತ್ತಜ್ಜ ಆ ಹೊಸ್ತಿಲಿಗೆ ಕುಂಕುಮ ಇಟ್ಟು ಕಾಯಿ ಒಡೆದ ದಿನ ಅವನೂ ದೂರದಲ್ಲಿ ನಿಂತು ನೋಡಿರಬೇಕು. ಹೋಗಿ ಹೇಳಲಿಲ್ಲ. ನಕ್ಕಿರಬಹುದು. ಆ ನಗುವೊಂದು ಬಂದಿದ್ದರೆ ನನ್ನ ಕಲೆ ಸಾರ್ಥಕವಾಗುತ್ತಿತ್ತು.

ಭಾನುವಾರ ನನ್ನ ಕಲೆಯನ್ನೇ ಆಯುಧ ಮಾಡಿಕೊಂಡೆ. ದೊಡ್ಡಪ್ಪನ ಫೋನು ಚಾರ್ಜಿಗೆ ಹಾಕಿತ್ತು. ಎತ್ತಿಕೊಂಡು, ಕೆಮ್ಮಿ, ಮೀಸೆ ಇಲ್ಲದಿದ್ದರೂ ಮುಚ್ಚಿಕೊಂಡು, ಮೊಯ್ದುಗೆ ಮಾತಾಡಿದೆ. “ಲೇ ಮೊಯ್ದು, ನಾಳೆ ಬರಬ್ಯಾಡ ನೀನು! ಕೆಲ್ಸ ಇಲ್ಲ, ಏನೂ ಇಲ್ಲ. ನಿನ್ ಮುಖ ತೋರುಸ್ಬ್ಯಾಡ!” ದೊಡ್ಡಮ್ಮನಿಗೂ ವ್ಯತ್ಯಾಸ ತಿಳಿಯದಷ್ಟು ಚೆನ್ನಾಗಿ ಬಂತು. ಹೆಮ್ಮೆಯಿಂದ ಮಲಗಿದೆ.

ಸೋಮವಾರ ಬೆಳಿಗ್ಗೆ ಎದ್ದು ನೋಡಿದರೆ ಮೊಯ್ದು ಅಂಗಳದಲ್ಲಿ! ಹೇಳಿದ್ದಕ್ಕಿಂತ ಬೇಗ, ಇಬ್ಬರು ಆಳುಗಳ ಸಮೇತ, ಏದುಸಿರು ಬಿಡುತ್ತ. ಮೆಲ್ಲಗೆ ವಿಚಾರಿಸಿದೆ. “ಎಂಥ ಮಾಡುದು? ಧಣಿ ‘ಬಾ’ ಅಂದ್ರೆ ನಾನು ಎರಡು ದಿವಸ ಬಿಟ್ಟು ಬರುದು. ‘ಬರಬೇಡ, ಮುಖ ತೋರಿಸಬೇಡ’ ಅಂದ್ರೆ ಸಿಟ್ಟು ನೆತ್ತಿಗೆ ಏರಿದೆ ಅಂತ ಅರ್ಥ. ಕೂಡ್ಲೆ ಓಡಿ ಬರುದು,” ಎಂದ ಮೊಯ್ದು. ದೊಡ್ಡಪ್ಪನ ದನಿ ಕದಿಯಲು ಬಂದ ನನಗೆ ದೊಡ್ಡಪ್ಪನ ಬೈಗುಳದ ಅರ್ಥ ಗೊತ್ತಿರಲಿಲ್ಲ. ಅಷ್ಟು ಚೆನ್ನಾಗಿ ಮಾಡದೆ ಸ್ವಲ್ಪ ಕೆಟ್ಟದಾಗಿ ಮಾಡಿದ್ದರೆ ಬಾಗಿಲು ಉಳಿಯುತ್ತಿತ್ತು.

ಇನ್ನು ತಡೆಯುವವರು ಯಾರು ಎಂದು ಬಾಗಿಲ ಕಡೆ ತಿರುಗಿದೆ. ಅಲ್ಲಿ ಅಜ್ಜಿ ಕೂತಿದ್ದಳು.

ಹೊಸ್ತಿಲ ಮೇಲೆ. ಸರಿಯಾಗಿ ನಡುವೆ. ತೊಡೆಯ ಮೇಲೆ ಮೊರ, ಮೊರದ ತುಂಬ ಅವರೆಕಾಯಿ. ಇದು ಎಂಥ ದೃಶ್ಯವೆಂದು ನಿಮಗೆ ತಿಳಿಯಬೇಕಾದರೆ ಒಂದು ಮಾತು ಹೇಳಬೇಕು. ಹೊಸ್ತಿಲ ಮೇಲೆ ಕೂತದ್ದಕ್ಕೆ, ನಿಂತದ್ದಕ್ಕೆ, ಸೀನಿದ್ದಕ್ಕೆ ನಮ್ಮ ಮನೆಯ ಮಕ್ಕಳೆಲ್ಲ ಅಜ್ಜಿಯ ಕೈಯಲ್ಲಿ ಹೊಡೆತ ತಿಂದವರೇ. ಹಾದು ಹೋಗುವ ನಾಯಿ ಕೂಡ ಅದನ್ನು ತುಳಿಯದೆ ಹಾರುವುದನ್ನು ಕಲಿತಿತ್ತು.

“ಅವ್ವ, ಏಳು,” ಎಂದರು ದೊಡ್ಡಪ್ಪ.

“ಯಾಕ್ಲಾ?”

“ಮೇಸ್ತ್ರಿ ಬಂದವ್ನೆ.”

“ಬರ್ಲಿ. ಕಾಫಿ ಕೊಡ್ಸು.”

“ಹೊಸ್ತಿಲ್ ಮೇಲೆ ಕೂರಬಾರ್ದು ಅಂತ ನೀನೇ ಅಲ್ವಾ ಹೇಳ್ತಿದ್ದಿದ್ದು?”

“ಹೊಸ್ತಿಲ್ ಮೇಲೆ ಕೂರಬಾರ್ದು. ಇದು ಹೊಸ್ತಿಲಲ್ಲ ಅಂತೀಯಲ್ಲಪ್ಪ ನೀನು? ಕಕ್ಕಸಿನ್ ಕಲ್ಲಾದ್ರೆ ಕುಂತ್ರೇನು, ಮಲುಕ್ಕೊಂಡ್ರೇನು?” ಅಜ್ಜಿ ಒಂದು ಕಾಯಿ ಬಿಡಿಸಿ ಬಾಯಿಗೆ ಹಾಕಿಕೊಂಡಳು.

ದೊಡ್ಡಪ್ಪ ಅತ್ತಿತ್ತ ನೋಡಿದರು. ಕಾಫಿ ಕುಯ್ಯಲು ಹೋಗುತ್ತಿದ್ದ ಹೆಂಗಸರು ಕಣದ ಅಂಚಿನಲ್ಲಿ ನಿಂತಿದ್ದರು. ಮೊಯ್ದು ಮರಳು ನೋಡುವವನಂತೆ ಬಗ್ಗಿ ಕಿವಿಯನ್ನಷ್ಟೇ ಇತ್ತ ಬಿಟ್ಟಿದ್ದ. ದೊಡ್ಡಪ್ಪ ದನಿ ತಗ್ಗಿಸಿದರು. “ಅವ್ವ, ಈ ಬಾಗ್ಲಲ್ಲಿ ಯಾರ್ ಬತ್ತಿದ್ರು ಅಂತ ಗೊತ್ತಾ ನಿಂಗೆ?”

“ಜೋರಾಗೇಳು. ಕಿವಿ ಕೇಳಕಿಲ್ಲ.” ಪಕ್ಕದ ತೋಟದಲ್ಲಿ ಹಲಸಿನ ಹಣ್ಣು ಬಿದ್ದರೆ ಎಷ್ಟು ದೊಡ್ಡದೆಂದು ಹೇಳುವ ಕಿವಿ ಅದು.

“ಯಾರ್ ಬತ್ತಿದ್ರು ಅಂತ ಗೊತ್ತಾ ಅಂದೆ!”

“ಯಾರು?”

“ಕಕ್ಕಸು ತೊಳಿಯೋನು!” ಕಿರುಚಿದ ಮೇಲೆ ದೊಡ್ಡಪ್ಪನಿಗೆ ತಾವೇ ಊರಿಗೆಲ್ಲ ಸಾರಿದ್ದು ಗೊತ್ತಾಯಿತು. ಮೀಸೆಗೆ ಕೈ ಹೋಯಿತು.

ಅಜ್ಜಿ ಮೊರವನ್ನು ಪಕ್ಕಕ್ಕಿಟ್ಟಳು. “ತೊಳಿಯಕ್ ಬತ್ತಿದ್ದ ತಾನೆ? ಮನೆ ಚೊಕ್ಕ ಮಾಡಕ್ ಬತ್ತಿದ್ದ. ಅವನಾದ್ಮೇಲೆ ನಮ್ ಮಾವ ಬಂದ್ರು, ನಿಮ್ಮಪ್ಪ ಬಂದ, ನೀವಿಬ್ರು ಅಣ್ತಮ್ಮ ಬಂದ್ರಿ. ಇದೇ ಬಾಗ್ಲಲ್ಲಿ ಕೆಸರುಗಾಲಲ್ಲಿ ಒಳೀಕ್ ಬಂದ ಗಂಡಸ್ರಲ್ಲಿ ಒಂದಿನಾನಾರ, ಉಂಡ್ ತಟ್ಟೆನಾರ, ತೊಳ್ದೋನು ಯಾವನ್ಲಾ? ಬಾಗ್ಲು ಮೈಲಿಗೆ ಆಗಿರೋದು ಅವನಿಂದ್ಲಾ, ನಿಮ್ಮಿಂದ್ಲಾ?”

ಕಣದ ಅಂಚಿನಲ್ಲಿ ಯಾರೋ ಕಿಸಕ್ಕೆಂದರು. “ಅದು ಸರಿ ಅಮ್ಮ,” ಎಂದ ಮೊಯ್ದು, ಮರಳಿಗೆ.

“ಸೇರಕ್ಕಿ ಒದ್ದು ನಾನು ಒಳೀಕ್ ಬಂದಿದ್ದು ಈ ಬಾಗ್ಲಲ್ಲಿ. ನಿಮ್ಮಪ್ಪನ್ನ ಎತ್ಕೊಂಡ್ ಹೋಗಿದ್ದು ಈ ಬಾಗ್ಲಲ್ಲಿ. ನೀನು ಮುಚ್ಚು, ಬ್ಯಾಡ ಅನ್ನಕಿಲ್ಲ. ನನ್ನನ್ ಸೇರ್ಸಿ ಮುಚ್ಚು. ನಾನಂತೂ ಆ ಕಡೆ ಬಾಗ್ಲಲ್ಲಿ ಒಂದ್ ಹೆಜ್ಜೆ ಇಡಕಿಲ್ಲ.”

ದೊಡ್ಡಪ್ಪನಿಗೆ ಆ ಮಾತಿನ ಭಾರ ತಿಳಿಯಿತು. ಅಜ್ಜಿ ಒಮ್ಮೆ ಅಂದರೆ ಅಂದಂತೆಯೇ; ಅತ್ತೆಯ ಮದುವೆಯಲ್ಲಿ ಅಡುಗೆಯವನ ಮೇಲೆ ಮುನಿದು ‘ನಾನು ಉಣ್ಣಕಿಲ್ಲ’ ಎಂದವಳು ಬೀಗರೂಟ ಮುಗಿಯುವ ತನಕ ಬಾಳೆಹಣ್ಣಿನಲ್ಲೇ ಇದ್ದಳು. ಏನೋ ಹೇಳಲು ದೊಡ್ಡಪ್ಪ ಬಾಯಿ ತೆರೆದರು, ಆಗ ಅವರ ಜೇಬಿನ ಫೋನು ಹೊಡೆದುಕೊಂಡಿತು. ದೊಡ್ಡಪ್ಪ ಫೋನು ಎತ್ತಿದರೆ ಸ್ಪೀಕರಿನಲ್ಲೇ. ಆರ್ಕಿಟೆಕ್ಟ್ ಮೇಡಂ! ದೊಡ್ಡಪ್ಪ ಬಾಗಿಲು ಮುಚ್ಚುವ ವಿಷಯ ರಾತ್ರಿಯೇ ಅವರಿಗೆ ಬರೆದು ಕಳಿಸಿದ್ದರಂತೆ.

“ಸರ್, ಪ್ಲೀಸ್, ಮುಚ್ಚಲೇಬೇಡಿ! ಅದು ಒರಿಜಿನಲ್ ಬಾಗಿಲು. ಹಾಗೇ ಇಟ್ಟು ಪಕ್ಕದಲ್ಲಿ ಒಂದು ಬೋರ್ಡು ಹಾಕೋಣ, ಹಿಂದೆ ಏನಾಗಿತ್ತು ಅಂತ. ಮನೆಯವರು, ಗೆಸ್ಟುಗಳು ಎಲ್ಲ ಪೋರ್ಚ್ ಕಡೆಯಿಂದ ಓಡಾಡಲಿ. ಇದನ್ನ ಬರೀ ನೋಡಕ್ಕೆ ಇಡೋಣ.”

“ಯಾರವ್ವ ಅದು, ರೊಟ್ಟಿ ತಿಂದ್ ಹೋದ್ ಮಗಾನಾ?” ಅಜ್ಜಿ ಕೂತಲ್ಲಿಂದಲೇ ಕೂಗಿದಳು. “ಬೋರ್ಡು ಬ್ಯಾಡ ತಾಯಿ. ನೋಡಕ್ ಇಡದೂ ಬ್ಯಾಡ. ನಾವು ಓಡಾಡ್ತೀವಿ.”

ಅಲ್ಲಿಗೆ ಬಾಗಿಲ ವ್ಯಾಜ್ಯ ಮುಗಿಯಿತು. ಮುಚ್ಚುವವರು, ಬೋರ್ಡು ಹಾಕುವವರು ಇಬ್ಬರೂ ಸೋತರು. ಉಳಿದದ್ದು ಮೊಯ್ದುವಿನ ಪ್ರಶ್ನೆ: ಸಿಮೆಂಟು ಕಲಸಿ ಆಗಿದೆ, ಆಳುಗಳು ಬಂದಿದ್ದಾರೆ, ಇವತ್ತಿನ ಕೆಲಸ ಎಂಥದು?

ಅಜ್ಜಿ ಮಂಡಿ ಹಿಡಿದುಕೊಂಡು ಎದ್ದಳು. “ಬಾ ಹೇಳ್ತೀನಿ” ಎಂದು ಮೊಯ್ದುವನ್ನು ತನ್ನ ಕೋಣೆಗೆ ಕರೆದುಕೊಂಡು ಹೋದಳು. ನಾನು ಹಿಂದೆ, ಫೋನು ಹಿಡಿದ ದೊಡ್ಡಪ್ಪ ನನ್ನ ಹಿಂದೆ. ಪಡಸಾಲೆಗೆ ತಾಗಿದ ಕತ್ತಲೆ ಕೋಣೆ ಅದು. ಅಂಗಳದ ಕಡೆಗೆ ಬರೀ ಗೋಡೆ. ಹಿತ್ತಿಲಲ್ಲಿ ಓಡಾಡುವ ಆಳುಕಾಳು ತನ್ನ ಕಣ್ಣಿಗೆ ಬೀಳಬಾರದೆಂದು ದೊರೆ ಆ ದಿಕ್ಕಿಗೆ ಕಿಟಕಿಯನ್ನೇ ಇಟ್ಟಿರಲಿಲ್ಲ. ಅವನಿಗೆ ಹಿತ್ತಿಲಾಗಿದ್ದದ್ದು ನಮಗೆ ಅಂಗಳವಾಗಿ ತಲೆಮಾರುಗಳು ಕಳೆದರೂ ಗೋಡೆಗೆ ಅದು ಗೊತ್ತಾಗಿರಲಿಲ್ಲ. ಅಜ್ಜಿ ಮಂಚದ ಮೇಲೆ ಕೂತು, ತನ್ನ ಕಣ್ಣಿನ ನೇರಕ್ಕೆ ಬೆರಳು ತೋರಿಸಿದಳು.

“ಇಲ್ಲಿ ಒಂದ್ ಕಿಟ್ಕಿ ಮಡುಗು.”

ಫೋನಿನಿಂದ ಮೂರನೆಯ ರಾಗ ಕೇಳಿತು, ರಾಗವಿಲ್ಲದ್ದು. “ಅಜ್ಜಿ, ಬೇಡ! ಆ ಗೋಡೆ ಎಷ್ಟು ಹಳೇದು ಗೊತ್ತಾ? ಅದನ್ನ ಯಾರೂ ಮುಟ್ಟಬಾರದು.”

“ಗೋಡೆಗ್ ವಯಸ್ಸಾಗದೆ ಅಂತ ಇಷ್ಟು ಮರುಗ್ತೀಯಲ್ಲ ಮಗ,” ಎಂದಳು ಅಜ್ಜಿ, ದನಿ ಏರಿಸದೆ. “ನಂಗೂ ವಯಸ್ಸಾಗದೆ. ಮದ್ವೆ ಆಗಿ ಬಂದಾಗಿಂದ ಈ ಕತ್ಲಲ್ಲೇ ಇದೀನಿ. ನಿಂಗ್ ಬೆಳಕ್ ಬೇಕಾ ಅಂತ ಯಾರೂ ಕೇಳ್ನಿಲ್ಲ.”

ಮೇಡಂ ಫೋನಿನಲ್ಲಿ ಕೇಳಿದರು, ಬೇರೆಯೇ ದನಿಯಲ್ಲಿ: “ಮೇಸ್ತ್ರಿ, ಕಿಟಕಿ ಮೇಲೆ ಗೋಡೆ ಕುಸೀದ ಹಾಗೆ ಲಿಂಟಲ್ ಕೊಡ್ತೀರಾ?”

“ಕೊಡ್ದೆ ಇರ್ತೇನಾ ಮೇಡಂ?”

“ನೀನ್ ಶುರು ಮಾಡ್ಲಾ ಮಂಗ,” ಎಂದು ಅಜ್ಜಿ ಮೊಯ್ದುವಿನ ಸುತ್ತಿಗೆಯನ್ನು ನನಗೆ ಕೊಡಿಸಿದಳು. ದೊಡ್ಡಪ್ಪ “ನಿಲ್ಸು, ನಿಲ್ಸು, ಆ ಕಡೆ ಪೈಪದೆ, ನೋಡ್ತೀನಿ” ಎನ್ನುತ್ತ ಹೊರಗೆ ಓಡಿದರು. ಮೊಯ್ದು ಉಳಿ ಹಿಡಿದ, ನಾನು ಹೊಡೆದೆ. ದೊರೆಯ ಇಟ್ಟಿಗೆ ಬಲು ಗಟ್ಟಿ. ಮೊದಲ ಏಟುಗಳಿಗೆ ಕೆಂಪು ಪುಡಿ ಬಿಟ್ಟರೆ ಏನೂ ಬರಲಿಲ್ಲ, ನನ್ನ ಮೊಣಕೈ ಝುಂ ಎಂದಿತು. ಆಮೇಲೆ ಒಂದು ಅಡ್ಡ ಇಟ್ಟಿಗೆ ಅಲುಗಿತು. ಅದನ್ನು ಒಳಗೆಳೆದೆವು, ಪಕ್ಕದ್ದನ್ನು ತಳ್ಳಿದೆವು. ಗೋಡೆಯ ಆಚೆ ದೊಪ್ಪೆಂದಿತು, ದೊಡ್ಡಪ್ಪ ಹೌಹಾರಿದ್ದೂ ಕೇಳಿತು.

ಧೂಳು ಇಳಿಯಿತು. ಅಜ್ಜಿ ಮಂಚದಿಂದ ಮುಂದಕ್ಕೆ ಬಾಗಿ, ಕಣ್ಣು ಕಿರಿದು ಮಾಡಿ ತೂತಿನಲ್ಲಿ ನೋಡಿದಳು. ಆಚೆಯಿಂದ ದೊಡ್ಡಪ್ಪನ ಮುಖ, ಮೀಸೆಯ ತುಂಬ ಕೆಂಪು ಪುಡಿ, ಒಳಗೆ ಇಣುಕುತ್ತಿತ್ತು.

“ಪಕ್ಕಕ್ ಸರಿಯೋ,” ಎಂದಳು ಅಜ್ಜಿ. “ದಾರಿ ಕಾಣ್ತಿಲ್ಲ.”